ಮೂಕಿಯ ತೂಕ

ಮಂಡ್ಯದ ಸಕ್ಕರೆ ಕಾರ್ಖಾನೆಯ ತೂಕದ ಮನೆಯಲ್ಲಿ ಕಬ್ಬಿನ ಗಾಡಿಯನ್ನು ಎರಡು ಸಲ ತೂಗುತ್ತಿದ್ದರು. ತುಂಬಿದಾಗ ಒಮ್ಮೆ, ಖಾಲಿಯಾದಾಗ ಒಮ್ಮೆ. ಒಂದರಲ್ಲಿ ಇನ್ನೊಂದನ್ನು ಕಳೆದರೆ ಉಳಿಯುವುದು ರೈತನ ಕಬ್ಬು. ಚೀಟಿಗೆ ಬೀಳುತ್ತಿದ್ದುದು ಆ ಅಂಕಿ, ದುಡ್ಡು ಬರುತ್ತಿದ್ದುದೂ ಅದರ ಮೇಲೆಯೇ. ಊರಿನಿಂದ ಕಾರ್ಖಾನೆಯವರೆಗಿನ ದಾರಿಯಲ್ಲಿ ಆ ಭಾರದ ಎಷ್ಟು ಪಾಲು ಅಚ್ಚಿನ ಮೇಲಿತ್ತು, ಎಷ್ಟು ಪಾಲು ಎತ್ತಿನ ಹೆಗಲ ಮೇಲಿತ್ತು ಎಂದು ಬರೆಯಲು ಯಾವ ಪುಸ್ತಕದಲ್ಲೂ ಜಾಗವಿರಲಿಲ್ಲ. ದುಡ್ಡು ಒಟ್ಟು ತೂಕಕ್ಕೆ ಸಿಗುತ್ತದೆ. ಭಾರ ಹಂಚಿಕೆಯಾದದ್ದು ಸರಿಯೋ ತಪ್ಪೋ ಎಂಬುದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ನಮ್ಮ ಕಡೆಯ ಸಾಗಾಟದ ಚರಿತ್ರೆಯಲ್ಲಿ ನನ್ನನ್ನು ಕಾಡುವುದು ಬರೆಯದೆ ಬಿಟ್ಟ ಆ ಅಂಕಿ. ತಪ್ಪಾಗಿ ಹೇರಿದ ಭಾರವನ್ನು ಮೊದಲು ಎತ್ತು ಹೊತ್ತಿತು, ಆಮೇಲೆ ಟ್ರ್ಯಾಕ್ಟರ್ ಡ್ರೈವರ್ ಹೊತ್ತ, ಈಗ ರಸ್ತೆ ಹೊರುತ್ತಿದೆ. ಹೇರಿದವನ ಲೆಕ್ಕಕ್ಕೆ ಮಾತ್ರ ಅದು ಎಂದೂ ಬಂದಿಲ್ಲ.

ನಮ್ಮಪ್ಪ ಗಾಡಿ ಮಾಡುವ ಆಚಾರಿ. ಮಂಡ್ಯದ ಪಕ್ಕದ ಹಳ್ಳಿಯಲ್ಲಿ ನಮ್ಮ ಕೊಟ್ಟಿಗೆಯಿತ್ತು. ಹಿಂದಿನ ಅರ್ಧದಲ್ಲಿ ಮರಗೆಲಸ, ಮುಂದಿನ ಅಂಗಳದಲ್ಲಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಟ್ಟುವ ಕೆಲಸ. ಬೆರಣಿಯನ್ನು ವೃತ್ತಾಕಾರವಾಗಿ ಜೋಡಿಸಿ, ನಡುವೆ ಪಟ್ಟಿಯನ್ನು ಇಟ್ಟು ಕೆಂಪಗೆ ಕಾಯಿಸಿ, ಮೂರು ನಾಲ್ಕು ಜನ ಇಕ್ಕಳದಲ್ಲಿ ಹಿಡಿದೆತ್ತಿ ಚಕ್ರದ ಮೇಲೆ ಕೂರಿಸಿ ನೀರು ಸುರಿಯುತ್ತಿದ್ದರು. ಪಟ್ಟಿ ಕುಗ್ಗುವಾಗ ಅರೆಕಾಲುಗಳು ಗುಂಬದೊಳಗೆ ಬಿಗಿದುಕೊಳ್ಳುವ ಸದ್ದು ಬೀದಿಯ ಕೊನೆಗೂ ಕೇಳುತ್ತಿತ್ತು. ಚಕ್ರಕ್ಕೆ ಕರಿಜಾಲಿಯೇ ಆಗಬೇಕು ಎಂದು ಅಪ್ಪ ಹಟ ಹಿಡಿಯುತ್ತಿದ್ದರು. ಮರ ಕೆತ್ತುವ ಕೆಲಸವನ್ನು ನಾನು ಅವರಿಂದ ಕಲಿತರೂ ನನ್ನ ಕಾಲಕ್ಕೆ ಮರದ ಗಾಡಿ ಕೇಳುವವರು ಕಡಿಮೆಯಾಗಿದ್ದರು. ವೆಲ್ಡಿಂಗ್ ಕಲಿತು ಟ್ರೇಲರ್ ಕಟ್ಟತೊಡಗಿದೆ. ಈಗಲೂ ಅದೇ ಕಸುಬು.

ಮಂಡ್ಯಕ್ಕೆ ಕಬ್ಬು ಬಂದದ್ದು ನೀರಿನ ಜೊತೆಯಲ್ಲಿ. ಕನ್ನಂಬಾಡಿ ಕಟ್ಟೆಯ ಎಡದಂಡೆಯಿಂದ ಹೊರಟ ಇರ್ವಿನ್ ನಾಲೆ, ಇಂದಿನ ವಿಶ್ವೇಶ್ವರಯ್ಯ ನಾಲೆ, ಹುಲಿಕೆರೆಯ ಗುಡ್ಡದ ಸುರಂಗ ಹಾದು ಬಯಲಿಗೆ ನೀರು ತಂದಿತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅವರ ಒತ್ತಾಸೆಯಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಜನರ ಬಾಯಲ್ಲಿ ಅದು ಮೈಷುಗರ್. ರಾಗಿ, ಹುರುಳಿ ಸಾಗಿಸುತ್ತಿದ್ದ ಗಾಡಿಗಳಿಗೆ ಒಮ್ಮೆಗೇ ಬೇರೆ ಬಗೆಯ ಹೇರು ಎದುರಾಯಿತು. ರಾಗಿ ಮೂಟೆ ಇಟ್ಟ ಕಡೆ ಇರುತ್ತದೆ. ಆಳುದ್ದ ಮೀರಿದ ಕಬ್ಬು ಗಾಡಿಯ ಹಿಂದಕ್ಕೆ ಚಾಚಿಕೊಳ್ಳುತ್ತದೆ. ಬುಡ ಭಾರ, ತುದಿ ಹಗುರ. ಎಲ್ಲ ಬುಡವನ್ನೂ ಒಂದೇ ಕಡೆಗೆ ಹಾಕಿದರೆ ಗಾಡಿ ಆ ಕಡೆಗೆ ವಾಲುತ್ತದೆ. ಕಟಾವು ಪರ್ಮಿಟ್ ಬಂದ ದಿನವೇ ಕಡಿದು, ಒಣಗುವ ಮೊದಲು ಸಾಗಿಸಬೇಕು, ಇಲ್ಲವಾದರೆ ತೂಕ ಇಳಿಯುತ್ತದೆ. ಆ ಅವಸರದಲ್ಲಿ ಹೇರಿದ ಹೊರೆಯಿಂದಲೇ ನಮ್ಮ ಸೀಮೆಯ ಗಾಡಿ ಮಾಡುವವರು ಭಾರದ ಹಂಚಿಕೆಯನ್ನು ಮತ್ತೆ ಹೊಸದಾಗಿ ಕಲಿಯಬೇಕಾಯಿತು.

ಆದರೆ ಭಾರವನ್ನು ಎತ್ತಿನ ಕೊರಳಿನಿಂದ ತಪ್ಪಿಸುವ ವಿದ್ಯೆ ಈ ನೆಲದ ರಸ್ತೆಗಳಲ್ಲಿ ಅದಕ್ಕಿಂತ ಬಹಳ ಮೊದಲೇ ಓಡಾಡಿತ್ತು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ ಎಂಬ ದನದ ಇಲಾಖೆ ಹೈದರ್, ಟಿಪ್ಪು ಅವರ ಕಾಲದಲ್ಲಿ ಸೈನ್ಯದ ಎತ್ತಿನ ದೊಡ್ಡ ಇಲಾಖೆಯಾಯಿತು. ಅಮೃತ ಮಹಲ್ ಎಂಬ ಹೆಸರು ಟಿಪ್ಪು ಇಟ್ಟದ್ದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ತಳಿಯ ಎತ್ತುಗಳು ಇಂಗ್ಲಿಷ್ ಕಂಪನಿಯ ತೋಪುಗಳನ್ನು ಎಳೆದವು, ಆರ್ಥರ್ ವೆಲ್ಲೆಸ್ಲಿ ಅವುಗಳನ್ನು ಬಹಳ ಮೆಚ್ಚಿದ. ಆ ಕಾಲದ ತೋಪಿಗೆ ಎರಡೇ ಚಕ್ರ. ಹಿಂದಕ್ಕೆ ಚಾಚಿದ ಅದರ ಭಾರದ ಬಾಲವನ್ನು ನೆಲದಿಂದೆತ್ತಿ ಇನ್ನೊಂದು ಪುಟ್ಟ ಎರಡು ಚಕ್ರದ ಬಂಡಿಯ ಕೊಕ್ಕೆಗೆ ಸಿಕ್ಕಿಸುತ್ತಿದ್ದರು. ಎತ್ತು ಕಟ್ಟುತ್ತಿದ್ದುದು ಆ ಪುಟ್ಟ ಬಂಡಿಗೆ. ಹೀಗೆ ತೋಪಿನ ಬಾಲದ ಭಾರ ಹೆಚ್ಚುಕಡಿಮೆ ಎಲ್ಲವೂ ಎರಡನೆಯ ಅಚ್ಚಿನ ಮೇಲೆ ಕೂತು, ಎತ್ತಿಗೆ ಎಳೆಯುವ ಕೆಲಸವೇ ಮುಖ್ಯವಾಗಿ ಉಳಿಯುತ್ತಿತ್ತು. ರಾಜ್ಯ ಗೆಲ್ಲಲು ಹೊರಟವರು ತೋಪಿಗೆ ಎರಡನೆಯ ಅಚ್ಚು ಕೊಟ್ಟರು. ಕಬ್ಬು ಸಾಗಿಸುವ ಗಾಡಿಗೆ ಅದನ್ನು ಕೊಡುವಷ್ಟು ದುಡ್ಡು ರೈತನ ಬಳಿ ಇರಲಿಲ್ಲ. ಹೊಲದ ಬದು, ಕೆರೆ ಏರಿ, ಹಳ್ಳದ ದಾರಿಯಲ್ಲಿ ತಿರುಗಲು ಎರಡು ಚಕ್ರವೇ ಅನುಕೂಲವೂ ಆಗಿತ್ತು.

ಹಾಗಾಗಿ ನಮ್ಮ ಆಚಾರಿಗಳ ಜಾಣ್ಮೆಯೆಲ್ಲ ಒಂದೇ ಅಚ್ಚನ್ನು ಎಲ್ಲಿ ಕೂರಿಸಬೇಕು ಎಂಬುದರಲ್ಲಿ ಅಡಗಿತ್ತು. ಮೈಯ ನಟ್ಟನಡುವೆ ಕೂರಿಸಿದರೆ ಹೇರು ಒಂದಿಷ್ಟು ಹಿಂದೆ ಸರಿದ ಕೂಡಲೇ ನೊಗ ಕಟ್ಟುವ ಉದ್ದ ಮರವಾದ ಮೂಕಿ ಮೇಲೇಳುತ್ತದೆ. ನೊಗದ ಜತ್ತಿಗೆ ಎತ್ತಿನ ಗಂಟಲಿಗೆ ಬಿಗಿಯುತ್ತದೆ, ಎತ್ತು ಉಸಿರು ಕಟ್ಟಿ ಕಾಲು ಎಳೆಯುತ್ತದೆ. ಬಹಳ ಹಿಂದೆ ಕೂರಿಸಿದರೆ ಭಾರವೆಲ್ಲ ಹೆಗಲಿಗೆ. ಅಪ್ಪ ಅಚ್ಚನ್ನು ನಡುವಿನಿಂದ ಕೆಲವು ಬೆರಳು ಹಿಂದಕ್ಕೆ ಇಡುತ್ತಿದ್ದರು. ಎಷ್ಟು ಬೆರಳು ಎಂಬುದು ಗಾಡಿ ಕೇಳಲು ಬಂದವರು ಏನು ಸಾಗಿಸುತ್ತಾರೆ ಎಂಬುದರ ಮೇಲೆ. “ಗೌಡ್ರೇ, ಕಬ್ಬಿಗೋ ಗೊಬ್ಬರಕ್ಕೋ ಮೊದ್ಲು ಹೇಳ್ಬುಡಿ, ಆಮೇಲೆ ಅಚ್ಚು ಕೂರ್ಸ್ತೀನಿ” ಎನ್ನುತ್ತಿದ್ದರು. ಗಾಡಿ ಮುಗಿದ ಮೇಲೆ ಖಾಲಿ ಗಾಡಿಯ ಮೂಕಿಯನ್ನು ಒಂದು ಕೈಯಲ್ಲಿ ಎತ್ತಿ ನೋಡುವರು. ಆಮೇಲೆ ನಾಲ್ಕು ಮೂಟೆ ಹಾಕಿಸಿ ಮತ್ತೆ ಎತ್ತುವರು. ಮೂಕಿ ಸುಲಭವಾಗಿ ಏಳಬೇಕು, ಆದರೆ ಬಿಟ್ಟರೆ ತಾನೇ ಕೆಳಗೆ ಬರಬೇಕು. ಅವರಿಗೆ ಗೊತ್ತಿದ್ದ ಪರೀಕ್ಷೆ ಅದೊಂದೇ, ಅದರಲ್ಲಿ ತಪ್ಪುವುದನ್ನು ನಾನು ಕಾಣಲಿಲ್ಲ.

ಆ ಕೈಯ ಲೆಕ್ಕವನ್ನು ಅಂಕಿಯಲ್ಲಿ ಬಿಡಿಸಿ ನೋಡಿದರೆ ಎತ್ತಿನ ಪಾಡು ಅರ್ಥವಾಗುತ್ತದೆ. ಹೇರು 1000 ಕಿಲೋ, ಅಚ್ಚಿನಿಂದ ನೊಗಕ್ಕೆ 3 ಮೀಟರ್ ಎಂದಿಟ್ಟುಕೊಳ್ಳಿ. ಹೇರಿನ ನಡು, ಎಂದರೆ ಅದರ ಗುರುತ್ವ ಕೇಂದ್ರ, ಅಚ್ಚಿಗಿಂತ 15 ಸೆಂಟಿಮೀಟರ್ ಮುಂದಿದ್ದರೆ ನೊಗದ ಮೇಲೆ 50 ಕಿಲೋ. ಜೋಡಿ ಎತ್ತಿಗೆ ತಲಾ 25, ಅದು ತಾಳುವ ಭಾರ. ಆ ನಡು ಅಚ್ಚಿಗಿಂತ 1 ಮೀಟರ್ ಮೇಲಿದ್ದರೆ, ಕಬ್ಬಿನ ಹೇರಿನಲ್ಲಿ ಹಾಗೆ ಇರುವುದೇ ಹೆಚ್ಚು, ಹತ್ತಕ್ಕೊಂದರ ಇಳಿಜಾರಿನಲ್ಲಿ ಅದು 10 ಸೆಂಟಿಮೀಟರ್ ಇನ್ನೂ ಮುಂದೆ ಬರುತ್ತದೆ. ನೊಗದ ಮೇಲೆ 83 ಕಿಲೋ ಆಗುತ್ತದೆ. ಅದೇ ಏರಿನಲ್ಲಿ 17ಕ್ಕೆ ಇಳಿಯುತ್ತದೆ. ಸಮ ನೆಲದಲ್ಲಿ ಚೆನ್ನಾಗಿ ಕೂತ ಹೇರು ಇಳಿಜಾರಿನಲ್ಲಿ ಹೆಗಲು ಹುಣ್ಣಾಗಿಸುವುದು, ಏರಿನಲ್ಲಿ ಗಂಟಲು ಬಿಗಿಯುವುದು ಇದರಿಂದ. ಹೇರನ್ನು ಎತ್ತರಕ್ಕೆ ಏರಿಸಿದಷ್ಟೂ ಈ ಹೊಯ್ದಾಟ ಹೆಚ್ಚು. “ಅಗಲ ತುಂಬು, ಎತ್ರ ತುಂಬ್ಬೇಡ” ಎಂದು ನಮ್ಮ ಹಿರಿಯರು ಹೇಳುತ್ತಿದ್ದುದಕ್ಕೆ ಕಾರಣ ಇಲ್ಲಿದೆ.

ಗಾಡಿ ಹೊಡೆಯುವವನ ಮೈಯೂ ಈ ಲೆಕ್ಕದ ಒಳಗೇ ಇತ್ತು. ಕೆರೆ ಏರಿ ಹತ್ತುವಾಗ ಅವನು ಮುಂದೆ ಬಂದು ಮೂಕಿಯ ಮೇಲೆ ಕೂರುತ್ತಿದ್ದ. ಇಳಿಯುವಾಗ ಹಿಂದಕ್ಕೆ ಸರಿಯುತ್ತಿದ್ದ, ಇಲ್ಲವೇ ಇಳಿದು ಹಿಂದಿನಿಂದ ಹಗ್ಗ ಹಿಡಿದು ಜಗ್ಗುತ್ತಿದ್ದ. 60 ಕಿಲೋದ ಮನುಷ್ಯ ಅಚ್ಚಿನಿಂದ 2 ಮೀಟರ್ ಮುಂದೆ ಕೂತರೆ ನೊಗಕ್ಕೆ 40 ಕಿಲೋ ಸೇರುತ್ತದೆ. ಏರಿನಲ್ಲಿ ಮೇಲೇಳುವ ಮೂಕಿಯನ್ನು ಕೂರಿಸಲು ಅಷ್ಟು ಸಾಕು. ಒಳ್ಳೆಯ ಗಾಡಿಯವನು ದಾರಿಯುದ್ದಕ್ಕೂ ಕೂತ ಜಾಗ ಬದಲಿಸುತ್ತಲೇ ಇರುತ್ತಿದ್ದ. ಗಾಡಿಯ ಮೇಲೆ ಮಲಗಿ ಬಿಡುವವನ ಎತ್ತಿನ ಹೆಗಲು ನೋಡಿದರೆ ಅವನ ಸ್ವಭಾವ ತಿಳಿಯುತ್ತಿತ್ತು. ಹೊರೆ ಹಾಕುವಾಗ ಒಂದು ಸಾಲಿಗೆ ಬುಡ ಮುಂದೆ, ಮುಂದಿನ ಸಾಲಿಗೆ ಬುಡ ಹಿಂದೆ ಎಂದು ತಿರುವಿ ಹಾಕಿಸುತ್ತಿದ್ದವರನ್ನೂ ನಾನು ಬಲ್ಲೆ. ಹೊರೆ ಕಟ್ಟುವ ಹೆಂಗಸರು ಮೂಕಿಯ ಕಡೆ ನೋಡಿಯೇ “ಹಗುರಾಯ್ತು ಕಣಣ್ಣಾ, ಇನ್ನೆರಡು ಹೊರೆ ಮುಂದಕ್ಕಾಕು” ಎನ್ನುತ್ತಿದ್ದರು. ಆ ತಿಳಿವಳಿಕೆಗೆ ಯಾರೂ ಕೂಲಿ ಹೆಚ್ಚು ಕೊಡಲಿಲ್ಲ, ನನಗೆ ಅದು ಈಗಲೂ ನೋವಿನ ಸಂಗತಿ.

ಆಮೇಲೆ ಟೈರ್ ಗಾಡಿ ಬಂತು. ಗಾಡಿಗೆಂದೇ ಮಾಡಿದ ಗಾಳಿ ಟೈರನ್ನು ಡನ್ಲಪ್ ಕಂಪನಿ 1930ರ ದಶಕದಲ್ಲಿ ಭಾರತದಲ್ಲಿ ಮಾರಲು ಶುರುಮಾಡಿತು. ನಮ್ಮ ಹಳ್ಳಿಗಳಲ್ಲಿ ಅದು ಸಾಮಾನ್ಯವಾದದ್ದು ಬಹಳ ತಡವಾಗಿ. ರಸ್ತೆಗೆ ಒಳ್ಳೆಯದಾಯಿತು, ಕಬ್ಬಿಣದ ಪಟ್ಟಿ ಕೊರೆಯುತ್ತಿದ್ದ ಗಾಡಿ ಜಾಡು ತಪ್ಪಿತು. ಎಳೆಯುವುದು ಹಗುರವಾಯಿತು. ಹಗುರವಾದ ಕೂಡಲೇ ಹೇರು ಹೆಚ್ಚಿತು, ಮೊದಲು ಒಂದು ಟನ್ ಹಾಕುತ್ತಿದ್ದ ಕಡೆ ಎರಡು ಟನ್ ಹಾಕಿದರು. ಎಳೆತದಲ್ಲಿ ಉಳಿದ ಶ್ರಮ ಎತ್ತಿಗೆ ವಿಶ್ರಾಂತಿಯಾಗಿ ಸಿಗಲಿಲ್ಲ, ಹೆಗಲ ಮೇಲಿನ ಭಾರವಾಗಿ ವಾಪಸ್ ಬಂತು. ಅಚ್ಚಿನ ಜಾಗ ತಪ್ಪಿದ್ದರೆ ಎರಡು ಟನ್ನಿಗೆ ತಪ್ಪೂ ಎರಡರಷ್ಟು. ಎಳೆಯುವ ಪ್ರಾಣಿಗಳ ಮೇಲಿನ ಹಿಂಸೆ ತಡೆಯಲು 1965ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿತು. ಎತ್ತಿನ ಗಾತ್ರ ನೋಡಿ, ಗಾಡಿಗೆ ಗಾಳಿ ಟೈರ್, ಬಾಲ್ ಬೇರಿಂಗ್ ಇದೆಯೇ ನೋಡಿ ಹೇರಿನ ಮಿತಿ ಗೊತ್ತುಮಾಡಿದರು. ಬಿಸಿಲು 37 ಡಿಗ್ರಿ ಮೀರಿದರೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಬಾರದು ಎಂಬುದೂ ಅದರಲ್ಲಿದೆ. ಒಳ್ಳೆಯ ನಿಯಮ. ಆದರೆ ಮಿತಿಯೊಳಗೇ ಹೇರಿ, ಮುಂದಕ್ಕೆ ಹೇರಿದವನ ಎತ್ತಿಗೆ ಅದರಿಂದ ಏನೂ ಸಿಗುವುದಿಲ್ಲ.

ಎತ್ತಿನ ಕೊರಳಿನ ಮಾತನ್ನು ದೇಶದ ಮುಂದೆ ಇಟ್ಟವರು ಬೆಂಗಳೂರಿನವರು ಎಂಬುದು ನನಗೆ ಹೆಮ್ಮೆ. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕ ಎನ್. ಎಸ್. ರಾಮಸ್ವಾಮಿ 1970ರ ದಶಕದಲ್ಲಿ ಎತ್ತಿನ ಗಾಡಿಯನ್ನು ದೊಡ್ಡ ವ್ಯವಸ್ಥೆಯೊಂದರಂತೆ ಅಧ್ಯಯನ ಮಾಡಿದರು. ದೇಶದಲ್ಲಿ ಕೋಟಿಗೂ ಮೀರಿದ ಗಾಡಿಗಳಿವೆ, ಅದರಲ್ಲಿ ಹೂಡಿದ ಬಂಡವಾಳ ಎಷ್ಟು, ಎತ್ತಿಗಾಗುವ ನೋವು ಎಷ್ಟು, ನೊಗ ಬದಲಿಸಿದರೆ, ಅಚ್ಚು ಬದಲಿಸಿದರೆ ಏನಾಗುತ್ತದೆ ಎಂದು ಕೇಳಿದರು. ನಿರ್ವಹಣೆ ಕಲಿಸುವ ಸಂಸ್ಥೆಯ ಮುಖ್ಯಸ್ಥ ಎತ್ತಿನ ಹೆಗಲಿನ ಹುಣ್ಣಿನ ಬಗ್ಗೆ ಮಾತಾಡಿದ್ದು ಆ ಕಾಲಕ್ಕೆ ಸಣ್ಣ ಧೈರ್ಯವಲ್ಲ. ಅದೇ ಹೊತ್ತಿಗೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ಆರ್. ರಾಘವನ್ ಮತ್ತು ಸಹೋದ್ಯೋಗಿಗಳು ಎರಡು ಚಕ್ರದ ಗಾಡಿಯ ಬಲಗಳನ್ನು ಲೆಕ್ಕ ಹಾಕಿ, ಅಳೆದು, 1979ರಲ್ಲಿ ಪ್ರಕಟಿಸಿದರು. ಅಪ್ಪ ಕೈಯಲ್ಲಿ ಎತ್ತಿ ನೋಡುತ್ತಿದ್ದ ಮೂಕಿಯ ಭಾರ ವಿಜ್ಞಾನದ ಪತ್ರಿಕೆಯಲ್ಲಿ ಅಂಕಿಯಾಗಿ ಕೂತಿತು. ಅದು ಹಳ್ಳಿಗೆ ಬರುವ ಹೊತ್ತಿಗೆ ಗಾಡಿಯೇ ಹೊರಟು ನಿಂತಿತ್ತು.

ಟ್ರ್ಯಾಕ್ಟರ್ ಹಿಂದಿನ ಟ್ರೇಲರ್ ನಮ್ಮ ಕಡೆ ಎರಡು ಬಗೆ. ನಾಲ್ಕು ಚಕ್ರದ್ದರಲ್ಲಿ ಮುಂದಿನ ಅಚ್ಚು ತಿರುಗುವ ತಟ್ಟೆಯ ಮೇಲೆ ಕೂತಿರುತ್ತದೆ, ಭಾರವೆಲ್ಲ ತನ್ನ ಚಕ್ರಗಳ ಮೇಲೆಯೇ. ತೋಪಿನ ಬಂಡಿಯ ವಂಶ ಅದು. ಎರಡು ಚಕ್ರದ್ದು ಎತ್ತಿನ ಗಾಡಿಯ ವಂಶ. ಅದರ ಮೂತಿ ಟ್ರ್ಯಾಕ್ಟರ್‌ನ ಹುಕ್ಕಿನ ಮೇಲೆ ಕೂರುತ್ತದೆ. ಒಂದಿಷ್ಟು ಕೂತರೆ ಒಳ್ಳೆಯದೇ, ಟ್ರ್ಯಾಕ್ಟರ್‌ನ ದೊಡ್ಡ ಚಕ್ರ ನೆಲ ಕಚ್ಚುತ್ತದೆ, ಕೆಸರಿನಲ್ಲಿ ಜಾರುವುದಿಲ್ಲ. ಎಷ್ಟು ಎಂಬುದೇ ಪ್ರಶ್ನೆ. 8 ಟನ್ ಕಬ್ಬು, ಅಚ್ಚಿನಿಂದ ಹುಕ್ಕಿಗೆ 4 ಮೀಟರ್, ಹೇರಿನ ನಡು ಅಚ್ಚಿಗಿಂತ ಅರ್ಧ ಮೀಟರ್ ಮುಂದೆ ಎಂದರೆ ಹುಕ್ಕಿನ ಮೇಲೆ 1 ಟನ್. ಹುಕ್ಕು ಇರುವುದು ಟ್ರ್ಯಾಕ್ಟರ್‌ನ ಹಿಂದಿನ ಅಚ್ಚಿನಿಂದ ಮುಕ್ಕಾಲು ಮೀಟರ್ ಹಿಂದೆ, ಮುಂದಿನ ಚಕ್ರ ಇರುವುದು ಸುಮಾರು 2 ಮೀಟರ್ ಮುಂದೆ. ಆ 1 ಟನ್ ಹಿಂದೆ ಒತ್ತಿದಾಗ ಮುಂದಿನ ಚಕ್ರಗಳ ಮೇಲಿಂದ 375 ಕಿಲೋ ಎದ್ದುಹೋಗುತ್ತದೆ. 2 ಟನ್ ಒಳಗಿನ ಟ್ರ್ಯಾಕ್ಟರ್‌ನ ಮುಂದಿನ ಅಚ್ಚಿನ ಮೇಲೆ ಇರುವುದೇ 700, 800 ಕಿಲೋ. ಅರ್ಧ ಹೋದ ಮೇಲೆ ಸ್ಟೇರಿಂಗ್ ತಿರುಗಿಸಿದರೂ ಟ್ರ್ಯಾಕ್ಟರ್ ತಿರುಗುವುದಿಲ್ಲ. ಏರು ಸಿಕ್ಕರೆ ಮುಂದಿನ ಚಕ್ರ ನೆಲ ಬಿಡುತ್ತದೆ. ಅದನ್ನು ತಡೆಯಲು ಮುಂದಿನ ಬಂಪರಿನ ಮೇಲೆ ಕಲ್ಲು, ಮರಳ ಮೂಟೆ ಕಟ್ಟುತ್ತಾರೆ. ಏರಿನಲ್ಲಿ ಮುಂದಕ್ಕೆ ಬಂದು ಕೂರುತ್ತಿದ್ದ ಗಾಡಿಯವನ ಕೆಲಸವನ್ನು ಈಗ ಆ ಕಲ್ಲು ಮಾಡುತ್ತಿದೆ. ಇಳಿಜಾರು ಬಂದಾಗ ಕಲ್ಲು ಹಿಂದಕ್ಕೆ ಸರಿಯುವುದಿಲ್ಲ.

ಹಿಂದಕ್ಕೆ ಹೇರಿದರೆ ಇನ್ನೂ ಕೆಟ್ಟದ್ದು. ಹುಕ್ಕು ಮೇಲಕ್ಕೆ ಎಳೆಯುತ್ತದೆ, ಟ್ರ್ಯಾಕ್ಟರ್‌ನ ಹಿಂದಿನ ಚಕ್ರದ ಹಿಡಿತ ಹೋಗುತ್ತದೆ, ವೇಗ ಸ್ವಲ್ಪ ಏರಿದರೂ ಟ್ರೇಲರ್‌ನ ಬಾಲ ಅತ್ತಿತ್ತ ಹೊಡೆದಾಡುತ್ತದೆ. ಬಹುಪಾಲು ಟ್ರೇಲರ್‌ಗಳಿಗೆ ಸ್ವಂತ ಬ್ರೇಕ್ ಇಲ್ಲ. ತಿರುವಿನ ಇಳಿಜಾರಿನಲ್ಲಿ ಬ್ರೇಕ್ ಹಾಕಿದ ಟ್ರ್ಯಾಕ್ಟರನ್ನು ಹಿಂದಿನ ಹೇರು ನೂಕಿ ಮಡಚುತ್ತದೆ. ನಡುವೆ ಸಿಕ್ಕಿದ ಡ್ರೈವರ್‌ಗಳ ಮನೆಗೆ ನಾನು ಹೋಗಿಬಂದಿದ್ದೇನೆ. ಮುರಿದ ಟ್ರೇಲರ್ ರಿಪೇರಿಗೆ ನನ್ನ ಶೆಡ್ಡಿಗೆ ಬರುತ್ತದೆ, ಅಚ್ಚಿನ ಜಾಗ ಅಳೆದು ನೋಡಿದಾಗ ಕಾರಣ ಬಹಳ ಸಲ ಅಲ್ಲೇ ಸಿಗುತ್ತದೆ. ಮೈ ಉದ್ದ ಮಾಡಿಸಿಕೊಂಡವರು ಅಚ್ಚನ್ನು ಜಾಗದಿಂದ ಸರಿಸಿರುವುದಿಲ್ಲ.

ದೊಡ್ಡ ಲಾರಿಗಳಲ್ಲಿ ಈ ಲೆಕ್ಕ ಕಾನೂನಿಗೆ ಬಂದಿದೆ. ಸೆಮಿ ಟ್ರೇಲರನ್ನು ಹೊರುವ ತಟ್ಟೆಯನ್ನು ಎಳೆಯುವ ಲಾರಿಯ ಹಿಂದಿನ ಅಚ್ಚಿಗಿಂತ ಒಂದಿಷ್ಟು ಮುಂದೆ ಕೂರಿಸುತ್ತಾರೆ, ಮುಂದಿನ ಚಕ್ರಕ್ಕೂ ಪಾಲು ಸಿಗಲಿ ಎಂದು. 1988ರ ಮೋಟಾರು ವಾಹನ ಕಾಯ್ದೆ ಒಟ್ಟು ತೂಕಕ್ಕಷ್ಟೇ ಅಲ್ಲ, ಒಂದೊಂದು ಅಚ್ಚಿನ ತೂಕಕ್ಕೂ ಮಿತಿ ಹಾಕುತ್ತದೆ. ನಾಲ್ಕು ಟೈರಿನ ಒಂಟಿ ಅಚ್ಚಿಗೆ 10.2 ಟನ್, ಜೋಡಿ ಅಚ್ಚಿಗೆ 19 ಟನ್ ಎಂದಿದ್ದುದನ್ನು 2018ರ ಜುಲೈಯಲ್ಲಿ 11.5 ಮತ್ತು 21ಕ್ಕೆ ಏರಿಸಿದರು. ಟ್ರೇಲರ್ ಸೇರಿದ ಇಡೀ ವಾಹನದ ಮೇಲ್ಮಿತಿ 49ರಿಂದ 55 ಟನ್ ಆಯಿತು. ಅಚ್ಚನ್ನು ಬೇರೆಯಾಗಿ ನೋಡಲು ಕಾರಣ ರಸ್ತೆ. ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವದಲ್ಲಿ 1958ರಿಂದ 1960ರವರೆಗೆ ಸುತ್ತು ರಸ್ತೆ ಕಟ್ಟಿ, ಲಾರಿ ಓಡಿಸಿ ಓಡಿಸಿ ಅದು ಹಾಳಾಗುವುದನ್ನು ಅಳೆದರು. ಅಚ್ಚಿನ ತೂಕ ಎರಡರಷ್ಟಾದರೆ ರಸ್ತೆಯ ಸವೆತ ಸುಮಾರು 16 ಪಟ್ಟು ಎಂದು ಹೊರಟಿತು. ಇದನ್ನು ನಮ್ಮ ಹಳೆಯ ಎರಡು ಅಚ್ಚಿನ ಲಾರಿಗೆ ಹಾಕಿ ನೋಡಿ. ಮುಂದೆ 6, ಹಿಂದೆ 10.2, ಒಟ್ಟು 16.2 ಟನ್, ಕಾನೂನಿನ ಪ್ರಕಾರ ಸರಿ. ಅದೇ 10 ಟನ್ ಹೇರನ್ನು 42 ಸೆಂಟಿಮೀಟರ್ ಹಿಂದಕ್ಕೆ ಇಟ್ಟರೆ, 4.2 ಮೀಟರ್ ಅಂತರದ ಅಚ್ಚುಗಳಲ್ಲಿ ಮುಂದೆ 5, ಹಿಂದೆ 11.2. ಒಟ್ಟು ತೂಕದ ಚೀಟಿಯಲ್ಲಿ ಒಂದು ಕಿಲೋವೂ ಬದಲಾಗಿಲ್ಲ. ಹಿಂದಿನ ಅಚ್ಚು ರಸ್ತೆಗೆ ಮಾಡುವ ಹಾನಿ ಮಾತ್ರ ಸುಮಾರು ಒಂದೂವರೆ ಪಟ್ಟು.

ಹೆದ್ದಾರಿಯ ಟೋಲ್‌ಗಳಲ್ಲಿ ಈಗ ಚಲಿಸುವ ಲಾರಿಯ ಅಚ್ಚುಗಳನ್ನು ಒಂದೊಂದಾಗಿ ತೂಗುವ ಯಂತ್ರಗಳು ಬಂದಿವೆ. 2023ರ ಮಾರ್ಚ್‌ನಲ್ಲಿ ನಮ್ಮ ಮಂಡ್ಯದಲ್ಲೇ ಬೆಂಗಳೂರು ಮೈಸೂರು ಹೆದ್ದಾರಿಯ ಉದ್ಘಾಟನೆಯಾಯಿತು. ಆ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಟ್ರ್ಯಾಕ್ಟರ್ ಹತ್ತುವಂತಿಲ್ಲ. ವೇಗದ ರಸ್ತೆಯಲ್ಲಿ ನಿಧಾನದ ವಾಹನ ಅಪಾಯ, ಆ ತೀರ್ಮಾನ ನನಗೆ ಒಪ್ಪಿಗೆ. ಆದರೆ ಕಬ್ಬಿನ ಟ್ರ್ಯಾಕ್ಟರ್‌ಗಳೆಲ್ಲ ಸರ್ವಿಸ್ ರಸ್ತೆ, ನಾಲೆ ಏರಿ, ಹಳ್ಳಿಯ ಒಳದಾರಿ ಹಿಡಿದಿವೆ. ಅಚ್ಚು ತೂಗುವ ಯಂತ್ರ ಆ ದಾರಿಗಳಲ್ಲಿ ಒಂದೂ ಇಲ್ಲ. ಅಲ್ಲಿ ಹೇರು ಸರಿ ಕೂತಿದೆಯೋ ಇಲ್ಲವೋ ನೋಡಬೇಕಾದವರು ಕಬ್ಬು ತುಂಬುವ ಆಳುಗಳು, ಅವರಿಗೆ ಕೂಲಿ ಟನ್ನಿನ ಲೆಕ್ಕದಲ್ಲಿ.

ನನ್ನ ಶೆಡ್ಡಿನಿಂದ ಹೊರಡುವ ಎರಡು ಚಕ್ರದ ಟ್ರೇಲರ್‌ಗೆ ಪಕ್ಕದ ತಗಡಿನ ಮೇಲೆ ಅಚ್ಚಿನ ನೇರಕ್ಕೆ ಒಂದು ಹಳದಿ ಗೆರೆ, ಅಲ್ಲಿಂದ ಒಂದೂವರೆ ಗೇಣು ಮುಂದೆ ಇನ್ನೊಂದು ಗೆರೆ ಎಳೆದು ಕೊಡುತ್ತೇನೆ. ಹೇರಿನ ನಡು ಈ ಎರಡರ ನಡುವೆ ಬರಬೇಕು, ಬುಡ ತುದಿ ತಿರುವಿ ಹಾಕಬೇಕು, ಪಕ್ಕದ ತಗಡಿಗಿಂತ ಮೇಲೆ ಏರಿಸಬಾರದು ಎಂದು ಟ್ರೇಲರ್ ಒಯ್ಯುವವರಿಗೆ ಹೇಳುತ್ತೇನೆ, ಅವರ ಜೊತೆ ಬಂದ ಆಳುಗಳನ್ನು ಕರೆದು ಅವರಿಗೂ ಹೇಳುತ್ತೇನೆ. ಹೊರೆ ಕಟ್ಟುವ ಹೆಂಗಸರು ಬೇಗ ಹಿಡಿದುಕೊಳ್ಳುತ್ತಾರೆ. ಟನ್ನಿನ ಕೂಲಿಯ ಜೊತೆಗೆ ಸರಿಯಾಗಿ ತುಂಬಿದ ಟ್ರೇಲರ್‌ಗೆ ಇಷ್ಟು ಎಂದು ಬೇರೆ ಕೂಲಿ ಕೊಡಿ ಎಂದು ಟ್ರ್ಯಾಕ್ಟರ್ ಮಾಲೀಕರನ್ನು ಕೇಳುತ್ತಿದ್ದೇನೆ. ಕೆಲವರು ಕೊಡಲು ಶುರುಮಾಡಿದ್ದಾರೆ.